ಎಡಗಡೆಯ ರೆಕ್ಕೆ

ಬೆಳಗಾದರೆ ಕೆರೆಯ ದಂಡೆಯಲ್ಲಿ ಕ್ಯಾಮೆರಾ ಹೊತ್ತು ನಿಲ್ಲುವವರ ನಡುವೆ ಆಕೆಯ ಮಾವನಿಗೆ ಗುರಿಕಾರ ಎಂದೇ ಹೆಸರು. ಉಳಿದವರು ಗುಂಡಿ ಒತ್ತಿ ಹಿಡಿದರೆ ಸಾಕು, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಪಟಪಟ ಎಂದು ಒಂದೇ ಹಕ್ಕಿಯ ರಾಶಿ ಚಿತ್ರ ಬೀಳುತ್ತಿದ್ದವು. ಅದರಲ್ಲಿ ಚೆಂದದ್ದನ್ನು ಆರಿಸಿಕೊಂಡು ಅವರು ಬೀಗುತ್ತಿದ್ದರು. ಮಾವನದು ಒಂದು ಹಕ್ಕಿ, ಒಂದು ಕ್ಲಿಕ್. "ರಾಶಿ ಕಲ್ಲು ಎಸೆದ್ರೆ ಕುರುಡನೂ ಕಾಯಿ ಉದುರಿಸ್ತಾನೆ. ಅದಕ್ಕೆ ಗುರಿ ಬೇಕೇನ್ರೀ?" ಎಂದು ಎಲ್ಲರೆದುರೇ ಹೇಳಿಬಿಡುವ ನಾಲಿಗೆ ಅವರದು. ಕೇಳಿದವರು ನಗುತ್ತಿದ್ದರು, ಯಾಕೆಂದರೆ ಅವರ ಗುರಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಕೆಲಸದಲ್ಲಿದ್ದಷ್ಟು ಕಾಲವೂ ಬಸ್ಸು ಓಡಿಸಿದ ಮನುಷ್ಯ. ಬಸ್ಸಿಗೆ ಒಂದು ಗೀರೂ ಬೀಳಿಸದೆ ನಿವೃತ್ತರಾದದ್ದು ಅವರ ಜೀವನದ ದೊಡ್ಡ ಹೆಮ್ಮೆ. ಹೆಂಡತಿ ತೀರಿಕೊಂಡ ಮೇಲೆ ಯಾರಿಂದಲೋ ಹಳೆಯ ಕ್ಯಾಮೆರಾ ಕೊಂಡರು. ಹುಚ್ಚು ಹತ್ತಿತು. ಕ್ಯಾಮೆರಾದ ಹಿಂಬದಿಯ ಪರದೆಗೆ ಕಪ್ಪು ಟೇಪು ಅಂಟಿಸಿಟ್ಟು, ಕಿಂಡಿಗೆ ಬಲಗಣ್ಣಿಟ್ಟೇ ಚಿತ್ರ ತೆಗೆಯುತ್ತಿದ್ದರು. ತೆಗೆದ ಕೂಡಲೇ ಇಣುಕಿ ನೋಡುವುದು ಅವರ ಪ್ರಕಾರ ಅನ್ನ ಬೇಯುವ ಮೊದಲೇ ಪಾತ್ರೆಗೆ ಕೈ ಹಾಕಿದ ಹಾಗೆ. ರೀಲು ಹಾಕುವ ಕಾಲದಲ್ಲಿ ಫೋಟೋ ತೊಳೆದು ಬರುವವರೆಗೆ ಕಾಯುತ್ತಿದ್ದರಲ್ಲ, ಈಗಲೂ ಹಾಗೇ ಕಾಯಬೇಕು ಎಂಬುದು ಅವರ ಹಟ. ಮನೆಗೆ ಬಂದು ಮೆಮೊರಿ ಕಾರ್ಡು ತೆಗೆದು ಸೊಸೆಯ ಕೈಗಿಟ್ಟು "ತೊಳೆದು ಕೊಡಮ್ಮ" ಎನ್ನುತ್ತಿದ್ದರು. ತೊಳೆಯದ ಚಿತ್ರವನ್ನು ಅವರು ಒಮ್ಮೆಯೂ ನೋಡಿದವರಲ್ಲ.

ಸೊಸೆ ಒಂದು ಫೋಟೋ ಸ್ಟುಡಿಯೋದಲ್ಲಿ ಎಡಿಟಿಂಗ್ ಕೆಲಸ ಮಾಡುತ್ತಿದ್ದಳು. ಕಣ್ಣು ಮುಚ್ಚಿದವರಿಗೆ ಬೇರೆ ಫೋಟೋದ ಕಣ್ಣು ಅಂಟಿಸುವುದು, ಬೋಳಾದ ಕಡೆ ಕೂದಲು ಬೆಳೆಸುವುದು, ಜಗಳವಾಡಿಕೊಂಡು ಮದುವೆಗೇ ಬಾರದ ಚಿಕ್ಕಪ್ಪನನ್ನು ಗುಂಪಿನ ಕೊನೆಯಲ್ಲಿ ತಂದು ನಗಿಸಿ ನಿಲ್ಲಿಸುವುದು, ಎಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಸ್ಟುಡಿಯೋದಲ್ಲಿ ಬೇಡವೆಂದು ಬಿಟ್ಟ ಕಂಪ್ಯೂಟರೊಂದು ಮನೆಯ ಊಟದ ಮೇಜಿನ ತುದಿಯಲ್ಲಿತ್ತು. ಮಾವನ ಹಕ್ಕಿಗಳಿಗೆ ಬೆಳಕು ಹೆಚ್ಚಿಸಿ, ಮಬ್ಬು ತೆಗೆದು, ಓರೆಯಾದ ನೀರನ್ನು ನೇರ ಮಾಡಿ ಕೊಡುತ್ತಿದ್ದಳು. ಅಷ್ಟರವರೆಗೆ ಅದರಲ್ಲಿ ಯಾವ ಮೋಸವೂ ಇರಲಿಲ್ಲ.

ಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ಈ ಮನೆಗೆ ಕಾಲಿಟ್ಟಾಗಿನಿಂದ ಅವಳು ಮಾಡಿದ್ದಕ್ಕೆಲ್ಲ ಕೊಂಕು. ಚಹಾ ಬಿಸಿಯಾದರೆ ಬಾಯಿ ಸುಟ್ಟಿತು, ಆರಿದರೆ ಸೊಸೆಗೆ ಉದಾಸೀನ. ಅವರು ಕೆರೆಯಿಂದ ಬರುವ ಹೊತ್ತಿಗೆ ಅವಳು ಚಹಾದ ಲೋಟವನ್ನು ಎರಡೆರಡು ಸಲ ಮುಟ್ಟಿ ನೋಡುತ್ತಿದ್ದಳು. ಒಂದು ದಿನ ಕಾರ್ಡು ಹಾಕಿ ನೋಡಿದರೆ, ಬೆಳ್ಳಕ್ಕಿಯ ಎಡಗಡೆಯ ರೆಕ್ಕೆಯ ತುದಿ ಚಿತ್ರದ ಅಂಚಿಗೆ ಸಿಕ್ಕು ಕತ್ತರಿಸಿಹೋಗಿದೆ. ಅದೇ ದಿನ ಬೆಳಿಗ್ಗೆ ಮಾವನಿಗೂ ಅವಳ ಗಂಡನಿಗೂ ಮಾತಿಗೆ ಮಾತು ಬೆಳೆದು, ಮನೆಯಲ್ಲಿ ಉಸಿರು ಬಿಡುವುದೂ ಕಷ್ಟವಾಗಿತ್ತು. ಉರಿಯುವ ಬೆಂಕಿಗೆ ತುಪ್ಪ ಯಾಕೆ ಎಂದುಕೊಂಡು ಅವಳು ಚಿತ್ರದ ಎಡ ಅಂಚನ್ನು ಒಂದಿಷ್ಟು ಹಿಗ್ಗಿಸಿ, ಪಕ್ಕದ ಆಕಾಶದ ಬಣ್ಣವನ್ನೇ ಅಲ್ಲಿ ತುಂಬಿ, ಹಳೆಯ ಚಿತ್ರವೊಂದರ ಗರಿಗಳನ್ನು ತಂದು ಕೂಡಿಸಿದಳು. ಮಾವ ನೋಡಿದರು. ಬಹಳ ಹೊತ್ತು ನೋಡಿದರು. "ಬಾ, ಕೂತ್ಕೋ ಇಲ್ಲಿ. ನಿನ್ನ ಕೈ ಚೊಕ್ಕ ಕಣಮ್ಮ" ಎಂದರು. ಪಕ್ಕದಲ್ಲಿ ಕೂರು ಎಂದು ಅವರು ಹೇಳಿದ್ದು ಅದೇ ಮೊದಲು.

ಆಮೇಲೆ ವರ್ಷಕ್ಕೂ ಹೆಚ್ಚು ಕಾಲ ಕತ್ತರಿಸಿದ ರೆಕ್ಕೆಗಳು ಆಗೊಮ್ಮೆ ಈಗೊಮ್ಮೆ ಬಂದವು, ಬರಬರುತ್ತ ಹೆಚ್ಚಾದವು. ಅವಳು ಹೊಲಿಯುತ್ತ ಹೋದಳು. ಮಾವ ಮೃದುವಾಗುತ್ತ ಹೋದರು. ಚಹಾ ಹೇಗಿದ್ದರೂ ಕುಡಿಯತೊಡಗಿದರು, ಮೊಮ್ಮಗಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವ ಕೆಲಸವನ್ನು ತಾವೇ ವಹಿಸಿಕೊಂಡರು. ಒಂದು ಸುಳ್ಳು ಮನೆಯನ್ನು ತಣ್ಣಗಿಟ್ಟರೆ ಅದನ್ನು ಸುಳ್ಳೆಂದು ಯಾಕೆ ಕರೆಯಬೇಕು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎರಡೂ ರೆಕ್ಕೆ ಬಿಚ್ಚಿ ನೀರಿನ ಮೇಲೆ ತೇಲುವ ಬೆಳ್ಳಕ್ಕಿಯ ಚಿತ್ರವೊಂದನ್ನು ಮಾವ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ತಮ್ಮ ಕೋಣೆಯ ಬಾಗಿಲ ಪಕ್ಕ ತೂಗುಹಾಕಿದರು. ಬಂದವರಿಗೆಲ್ಲ ತೋರಿಸುತ್ತಿದ್ದರು.

ಅದೇ ಬಾಗಿಲಿನ ಚೌಕಟ್ಟಿಗೆ ಅವರ ಎಡ ಭುಜ ದಿನಾ ತಾಗುತ್ತಿತ್ತು. ಮಗನಿಗೆ ತಮಾಷೆ. "ಅಪ್ಪಾ, ಬಸ್ಸಿಗೆ ಒಂದು ಗೀರೂ ಬೀಳಿಸ್ಲಿಲ್ಲ, ಈಗ ಭುಜಕ್ಕೆಲ್ಲ ಬೀಳಿಸ್ಕೊಳ್ತಿದ್ದೀರಲ್ಲ!" ಮಾವನೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಒಂದು ಮಧ್ಯಾಹ್ನ ಅವರು ಮೊಮ್ಮಗಳನ್ನು ಶಾಲೆಯಿಂದ ಕರೆತರುವಾಗ ರಸ್ತೆಯ ಎಡಬದಿಯಲ್ಲಿ ನಿಂತಿದ್ದ ತಳ್ಳುಗಾಡಿಗೆ ಸ್ಕೂಟರು ಉಜ್ಜಿತು. ಹಿಂದೆ ಕೂತಿದ್ದ ಹುಡುಗಿಯ ಮೊಣಕೈಯಿಂದ ಅಂಗೈವರೆಗೆ ಚರ್ಮ ತರಚಿತು. ಅದಕ್ಕಿಂತ ಹೆಚ್ಚೇನೂ ಆಗದಿದ್ದದ್ದು ಪುಣ್ಯ. ಸೊಸೆ ಸ್ಟುಡಿಯೋದಿಂದ ಓಡಿ ಬಂದಾಗ ಮಾವ ಬಿಳಿಚಿಕೊಂಡು ಕೂತಿದ್ದರು.

"ಅದು ಎಲ್ಲಿಂದ ಬಂತೋ, ಆಕಾಶದಿಂದ ಉದುರಿತೋ! ಎಡಗಡೆ ಏನೂ ಇರ್ಲಿಲ್ಲ ಕಣಮ್ಮ. ನಿನ್ನಾಣೆ, ಖಾಲಿ ರಸ್ತೆ."

"ಹೋಗ್ಲಿ ಬಿಡಿ ಮಾವ" ಎಂದಳು. ಮಗಳ ಕೈಗೆ ಮದ್ದು ಹಚ್ಚಿ ಮಲಗಿಸಿದಳು. ಮನಸ್ಸು ತಡೆಯಲಾರದೆ, ಏನಾದರೂ ಕೆಲಸವಿರಲಿ ಎಂದು ಕಂಪ್ಯೂಟರಿನ ಮುಂದೆ ಕೂತು ಬೆಳಗಿನ ಕಾರ್ಡು ಹಾಕಿದಳು. ಮಿಂಚುಳ್ಳಿಯ ಚಿತ್ರ ತೆರೆದುಕೊಳ್ಳುವ ಮೊದಲೇ ಅವಳ ಕೈ ಮೌಸನ್ನು ಎಳೆದುಕೊಂಡು ಎಡ ಅಂಚಿಗೆ ಹೋಗಿ ನಿಂತಿತು. ಚಿತ್ರ ಬಂತು. ಹಕ್ಕಿಗೆ ಎಡ ರೆಕ್ಕೆ ಇರಲಿಲ್ಲ. ಚಿತ್ರ ನೋಡುವ ಮೊದಲೇ ತನ್ನ ಕೈಗೆ ಅದು ಹೇಗೆ ಗೊತ್ತಾಯಿತು?

ತೊಳೆಯದ ಚಿತ್ರಗಳನ್ನೆಲ್ಲ ಹಳೆಯದರಿಂದ ಒಂದೊಂದಾಗಿ ತೆಗೆದಳು. ಮೊದಲು, ಅವಳು ಆಗ ಗಮನಿಸದೇ ಬಿಟ್ಟಿದ್ದ ಒಂದು ಗರಿ ಹೋಗಿತ್ತು. ಆಮೇಲೆ ರೆಕ್ಕೆಯ ತುದಿ, ಆಮೇಲೆ ಅರ್ಧ ರೆಕ್ಕೆ. ಈಚಿನವುಗಳಲ್ಲಿ ಎಡಕ್ಕೆ ಹಾರುವ ಹಕ್ಕಿಗೆ ಕೊಕ್ಕೇ ಇರಲಿಲ್ಲ. ಬಲಗಡೆ ಮಾತ್ರ ಎಲ್ಲವೂ ನೆಟ್ಟಗೆ, ಒಂದು ಪುಕ್ಕವೂ ತಪ್ಪಿರಲಿಲ್ಲ. ಇಷ್ಟು ದಿನ ಒಂದೊಂದೇ ತೇಪೆ ಹಾಕಿದವಳು ಎಲ್ಲವನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲು.

ಕಣ್ಣಿನ ಆಸ್ಪತ್ರೆಯಲ್ಲಿ ಮಾವನನ್ನು ಒಂದು ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಪಕ್ಕದಲ್ಲಿ ನಿಂತಿದ್ದ ಅವಳಿಗೆ ಗುಂಡಿಯ ಸದ್ದು ಕೇಳುತ್ತಿತ್ತು. ನಡುನಡುವೆ ಬಹಳ ಹೊತ್ತು ಸದ್ದೇ ಇರುತ್ತಿರಲಿಲ್ಲ. ಒಂದು ಚುಕ್ಕೆಗೆ ಒಂದು ಒತ್ತು, ಅಲ್ಲೂ ಅವರು ಗುರಿಕಾರರೇ.

"ಗ್ಲಾಕೋಮಾ" ಎಂದರು ಡಾಕ್ಟರಮ್ಮ. "ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸಾಯ್ತಾ ಬಂದಿದೆ. ಬಲಗಣ್ಣಿಗೆ ಎಡಭಾಗ ಪೂರ್ತಿ ಹೋಗಿದೆ. ಎಡಗಣ್ಣಲ್ಲೂ ಆ ಕಡೆಯೇ ಶುರುವಾಗಿದೆ."

"ನಂಗೆ ಕಪ್ಪು ಅಂತ ಎಲ್ಲೂ ಕಾಣಲ್ವಲ್ಲಾ?" ಮಾವನ ದನಿಯಲ್ಲಿ ಇನ್ನೂ ಜಗಳದ ಕಸುವಿತ್ತು.

"ಕಾಣೋದಿಲ್ಲ ಯಜಮಾನ್ರೇ. ಅದೇ ಇದರ ಮೋಸ. ಕಾಣದ ಜಾಗಾನ ಮಿದುಳು ಹಾಗೇ ಬಿಡೋದಿಲ್ಲ. ಅಕ್ಕಪಕ್ಕದ ಬಣ್ಣ ತಗೊಂಡು ತುಂಬಿಸಿಬಿಡುತ್ತೆ. ರಸ್ತೆ ಪಕ್ಕ ರಸ್ತೆ, ಆಕಾಶದ ಪಕ್ಕ ಆಕಾಶ. ಹೋದದ್ದು ಇನ್ನು ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ. ಒಂದು ವರ್ಷ ಮೊದಲು ಬಂದಿದ್ರೆ ಬಹಳಷ್ಟು ಉಳೀತಿತ್ತು." ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ಮನೇಲಿ ಯಾರಿಗೂ ಏನೂ ಗೊತ್ತಾಗ್ಲಿಲ್ವಾ?"

"ಇಲ್ಲ" ಎಂದವರು ಮಾವನೇ. "ಪಾಪ, ಅವಳಿಗೇನು ಗೊತ್ತಾಗುತ್ತೆ?"

ಆ 'ಪಾಪ' ಎಂಬ ಮಾತನ್ನು ಹೊತ್ತುಕೊಂಡು ಬದುಕುವುದು ತನ್ನಿಂದಾಗದು ಎಂದು ಮನೆ ಸೇರುವ ಹೊತ್ತಿಗೆ ಅವಳಿಗೆ ಖಾತ್ರಿಯಾಗಿತ್ತು. ಚಪ್ಪಲಿ ಬಿಟ್ಟವಳೇ ಮಾವನನ್ನು ಮೇಜಿಗೆ ಕರೆದು ಕೂರಿಸಿ, ತೊಳೆಯದ ಚಿತ್ರಗಳನ್ನು ಹಳೆಯದರಿಂದ ಹೊಸದರವರೆಗೆ ತೋರಿಸಿದಳು. ಏನನ್ನೂ ಮುಚ್ಚಿಡಲಿಲ್ಲ. ಬೈದರೆ ಬೈಸಿಕೊಳ್ಳೋಣ, ಮನೆ ಬಿಟ್ಟು ಹೋಗು ಎಂದರೆ ಅದನ್ನೂ ಕೇಳಿಸಿಕೊಳ್ಳೋಣ ಎಂದು ಗಟ್ಟಿ ಮನಸ್ಸು ಮಾಡಿ ನಿಂತಿದ್ದಳು.

ಮಾವ ಬೈಯಲಿಲ್ಲ. ಕೊನೆಯ ಚಿತ್ರದ ಕೊಕ್ಕಿಲ್ಲದ ಹಕ್ಕಿಯನ್ನು ನೋಡಿ ಮುಗಿಸಿ, ಗೋಡೆಯ ಕಡೆ ಕೈ ತೋರಿಸಿದರು. "ಅದು?"

"ಅದೂ ಮಾವ. ಬಲಗಡೇದನ್ನೇ ತಿರುಗಿಸಿ ಎಡಗಡೆ ಹಾಕಿದ್ದು."

ಅವರು ಎದ್ದು ಹೋಗಿ ಬೆಳ್ಳಕ್ಕಿಯ ಎದುರು ನಿಂತರು. ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿ, ಆ ರೆಕ್ಕೆಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಕೂಡಿಸಿದ ಗೆರೆ ಎಲ್ಲಿದೆ ಎಂದು ಬೆರಳಿನಿಂದ ಗಾಜಿನ ಮೇಲೆ ಹುಡುಕಿದರು. ಸಿಗಲಿಲ್ಲ.

"ಇಷ್ಟು ಚೆನ್ನಾಗಿ ಮಾಡಬಾರದಿತ್ತಮ್ಮ" ಎಂದರು.

ಅಷ್ಟೇ ಹೇಳಿ ಕೋಣೆಯತ್ತ ತಿರುಗಿದರು. ಒಳಗೆ ಹೋಗುವಾಗ ಎಡ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಮನೆಯಲ್ಲಿ ಯಾರೂ ನಗಲಿಲ್ಲ.