ಜೋಳದ ಮರೆಯ ಭತ್ತ

ತಮ್ಮಾ, ಅಂದು ನಾನು ನಿನಗೆ ಸುಳ್ಳು ಹೇಳಿದೆ. ನಮ್ಮ ಹೊಲದಲ್ಲಿ ಭತ್ತವೇ ಇತ್ತು.

ಬಾಯಿಬಿಟ್ಟು ಹೇಳಹೋದರೆ ಅಳು ಬರುತ್ತದೆ, ಅದಕ್ಕೇ ಮೊದಲು ನನ್ನ ಸೊಟ್ಟ ಅಕ್ಷರದಲ್ಲಿ ಬರೆದು ನೋಡುತ್ತಿದ್ದೇನೆ. ನಿನ್ನ ಮಗಳನ್ನು ಸೊಸೆಯಾಗಿ ತಂದುಕೊಂಡೆ. ಈಗ ಅವಳು ನಮ್ಮಿಬ್ಬರಿಗೂ ಮೊಮ್ಮಗಳನ್ನು ಕೊಟ್ಟಿದ್ದಾಳೆ. ಕೂಸು ನಕ್ಕರೆ ಒಲೆಯ ಮೇಲಿನ ಹಾಲನ್ನೇ ಮರೆಯುತ್ತೇನೆ — ಇಷ್ಟು ಸಂತೋಷ ನನ್ನ ಎದೆಯಲ್ಲಿ ಹಿಡಿಸುತ್ತಿಲ್ಲ. ಮೊನ್ನೆ ನೀನು ಬಂದು ಅದನ್ನೆತ್ತಿ, "ಅಕ್ಕಾ, ಮೂಗು ನಿಂದೇ ಬಂದೈತಿ ನೋಡು! ಇನ್ನ ಊರಾಗ ಯಾರ್ನೂ ಸುಮ್ನ ಬಿಡಂಗಿಲ್ಲ ಇಕಿ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನಿನ್ನ ಮುಖ ನೋಡಲಾಗಲಿಲ್ಲ.

ನಿನ್ನ ಮಗಳು ಆಗಿನ್ನೂ ಹೊಸದಾಗಿ ಶಾಲೆ ಸೇರಿದ್ದ ಹುಡುಗಿ. ಸಿಂಧನೂರಿನ ಬಳಿ ಕಾಲುವೆಯ ಮೇಲ್ಭಾಗದಲ್ಲಿ ನಾವು. ಮಸ್ಕಿ ಕಡೆ ಅದೇ ಕಾಲುವೆಯ ಕೊನೆಯಲ್ಲಿ ನೀನು. ನಮ್ಮ ಭಾಗದವರು ಜೋಳ, ಹತ್ತಿ, ಶೇಂಗಾ ಮಾತ್ರ ಬೆಳೆಯಬೇಕು, ನೀರು ಕೊನೆಯ ಹೊಲಕ್ಕೂ ಮುಟ್ಟಬೇಕು — ಸರಕಾರ ಹಾಗೆ ಗೊತ್ತುಮಾಡಿತ್ತು. ಹೆಚ್ಚು ಓದದವಳು, ತಿಳಿಯಲಿಲ್ಲ ಎನ್ನಲಾರೆ. ತಿಳಿದಿತ್ತು. ತಿಳಿದೇ, ದಾರಿಯ ಬದಿಗೆ ನೀರಾವರಿ ಸಾಹೇಬರ ಕಣ್ಣಿಗೆ ಬೀಳುವಷ್ಟು ಜೋಳ ಬಿತ್ತಿಸಿ, ಅದರ ಹಿಂದೆ ಭತ್ತ ನಾಟಿ ಮಾಡಿಸಿದೆ. ಆ ಉಪಾಯ ನನ್ನ ಗಂಡನದಲ್ಲ, ನನ್ನದು.

ಹತ್ತಿ ಬಾಡುತ್ತಿದೆಯೆಂದು ನೀನು ಓಡಿ ಬಂದೆ. ಹೊಲದ ದಾರಿಯಲ್ಲೇ ನಿಂತು ಕೇಳಿದೆ: "ಅಕ್ಕಾ, ನೀರು ನಮ್ಮ ತನ ಬರವಲ್ದು. ಮ್ಯಾಲಿನವ್ರು ನೆಲ್ಲು ಹಚ್ಯಾರಂತ. ನೀವೇನರ…?"

"ನಿನಗ ಕಣ್ಣಿಲ್ಲೇನಲೇ? ಜೋಳ ನಿಂತೈತಿ ನೋಡು."

ನೀನು ನೋಡಿದೆ. ಜೋಳವನ್ನಲ್ಲ — ನನ್ನನ್ನು. ನಂಬಿದೆ. "ತಪ್ಪಾತಕ್ಕಾ" ಎಂದೆ. ನೀನು — ನನಗೆ!

ಹತ್ತಿ ಕಾಯಿಗಟ್ಟುವ ಮೊದಲೇ ಒಣಗಿತು. ನೀನು ಎತ್ತು ಮಾರಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ದೂರದೂರಿಗೆ ದುಡಿಯಹೋದೆ. ಮಗಳ ಶಾಲೆ ಅಲ್ಲಿಗೇ ನಿಂತಿತು. ಈಗ ಅವಳು ಕೂಸಿನ ಔಷಧದ ಬಾಟಲಿ ಹಿಡಿದು ಬಂದು, "ಅತ್ತಿ, ಇದರ ಮ್ಯಾಲ ಏನ್ ಬರದಾರ ನೋಡ್ರಿ" ಎನ್ನುತ್ತಾಳೆ. ಅವಳ ಓದು ಬಿಡಿಸಿದವಳ ಮುಂದೆಯೇ ಬಂದು ಕೇಳುತ್ತಾಳೆ. ನಾನು ಓದಿ ಹೇಳುತ್ತೇನೆ, ಒಂದೊಂದೇ ಅಕ್ಷರ ಕೂಡಿಸಿ…

ನಮ್ಮ ಹೊಲವೂ ನೀರು ಕುಡಿದು ಕುಡಿದು ಸವಳಾಗಿದೆ, ಮೇಲೆಲ್ಲ ಬೆಳ್ಳನೆ ಉಪ್ಪು. ಅದರಿಂದ ನಿನಗೇನೂ ಮರಳಿ ಬರಲಿಲ್ಲ.

ಸೋಮವಾರ ಕೂಸನ್ನು ಕರೆದುಕೊಂಡು ಬಾ ಎಂದಿದ್ದೀ. ನಾನು ಭಾನುವಾರವೇ ಬರುತ್ತೇನೆ, ಒಬ್ಬಳೇ. ಕೂಸು ಮಡಿಲಲ್ಲಿದ್ದರೆ ನೀನು ನನ್ನನ್ನು ಬೈಯಲಾರೆ.