ಹೊರಡುವ ದಿನವಿಲ್ಲದ ಕರೆಯೋಲೆ

ನಲ್ಲಿ ನೀರು ಹಿಡಿದದ್ದು. ಅತ್ತೆಯ ಮಂಡಿಗೆ ಎಣ್ಣೆ ಉಜ್ಜಿದ್ದು. ಯಜಮಾನರ ಡಬ್ಬಿಗೆ ಚಿತ್ರಾನ್ನ ಕಟ್ಟಿದ್ದು. ನಲ್ಲೂರಿನವರ ಮದುವೆ ಬ್ಲೌಸಿಗೆ ಹುಕ್ಕು ಹಾಕಿ ಇಸ್ತ್ರಿ ಮಾಡಿಟ್ಟದ್ದು. ದೋಸೆಗೆ ನೆನೆಹಾಕಿದ್ದು. ಖಾರದಪುಡಿ ಡಬ್ಬ ತೊಳೆದು ಬಿಸಿಲಿಗಿಟ್ಟದ್ದು. ಇಷ್ಟು ಮುಗಿಸಿ, ಜರ್ಮನಿಗೆ ಹೋದರೂ ವಾಪಸ್ ಬರುವವಳು ನಾನು ಎಂದು ರುಜುವಾತು ಮಾಡಲು ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರದ ಆನ್‌ಲೈನ್ ಅಂಗಡಿಗೆ ಹೊರಟೆ. ಅತ್ತೆಯನ್ನು ನಾನೇನೂ ಕರೆದಿರಲಿಲ್ಲ. ಅವರೇ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು.

ತಂಗಿ ಮತ್ತು ಅವಳ ಗಂಡ ಇಬ್ಬರೂ ಜರ್ಮನಿಯ ಒಂದು ಊರಲ್ಲಿ ನರ್ಸ್ ಕೆಲಸದಲ್ಲಿದ್ದಾರೆ. ಅವಳ ಮೊದಲ ಹೆರಿಗೆಗೆ ಆಗ ಎರಡು ತಿಂಗಳಿತ್ತು. ಹೊನ್ನಾಳಿಯ ನಮ್ಮ ತವರಿನಲ್ಲಿ ಅವ್ವ ಇಲ್ಲ. ಚೊಚ್ಚಲ ಬಾಣಂತನ ತವರಿನವರದ್ದು, ಅಂದರೆ ನನ್ನದು. ಮೊದಲ ಸಲ ಹಾಕಿದ ವೀಸಾ ಅರ್ಜಿ ಹಿಂದಕ್ಕೆ ಬಂದಿತ್ತು. ಅವಧಿ ಮುಗಿದ ಮೇಲೆ ಇವರು ಹೊರಡುತ್ತಾರೆಂಬ ನಂಬಿಕೆ ಬರಲಿಲ್ಲ ಎಂದು ಕಾರಣ ಕೊಟ್ಟಿದ್ದರು.

"ದಾವಣಗೆರೆಗೆ ಮದುವಿಗೆ ಹೋದ್ರೆ ಸಂಜಿ ಬಸ್ಸಿಗೇ ಓಡಿ ಬರ್ತಾಳೆ. ಇವಳು ಜರ್ಮನೀಲಿ ಕೂತ್ಕಂತಾಳಾ?" ಎಂದು ಅತ್ತೆ ಅಂಗಡಿಯವರಿಗೆ ದಾರಿಯಿಂದಲೇ ದೂರು ಶುರು ಮಾಡಿದರು.

ಅಂಗಡಿಯವರು ಆ ಅರ್ಜಿಗೆ ತಂಗಿಯ ಗಂಡ ಬರೆದಿದ್ದ ಕರೆಯೋಲೆಯನ್ನು ಓದಿದರು. ಆತ ಜಗಳೂರಿನವನು, ಮರ್ಯಾದೆಯ ಮನುಷ್ಯ. ಅಕ್ಕ ಬರುವುದೇ ನಮ್ಮ ಭಾಗ್ಯ, ಎಷ್ಟು ದಿನ ಇರಬೇಕೆನಿಸುತ್ತದೋ ಅಷ್ಟು ದಿನ ಇರಲಿ, ಇದು ಅವರದೇ ಮನೆ, ಅವರನ್ನು ಕಳಿಸಿಕೊಡುವ ಮನಸ್ಸು ನಮಗೆ ಯಾವತ್ತೂ ಬಾರದು ಎಂದು ಚಂದದ ಇಂಗ್ಲಿಷಿನಲ್ಲಿ ಬರೆದಿದ್ದ.

"ಅಕ್ಕಾರೆ, ಇದು ಕರೆಯೋಲೆನೋ, ನಿಮ್ಮನ್ನ ದತ್ತು ತಗಂಡಿರೋ ಪತ್ರನೋ?" ಅಂದರು ಅಂಗಡಿಯವರು.

ನಮ್ಮ ಕಡೆ ನೆಂಟರ ಹೊರಡುವ ದಿನ ಮನೆಯವರ ಬಾಯಲ್ಲಿ ಬರಬಾರದು. ಹೊರಟು ನಿಂತವರನ್ನೂ ಇನ್ನೆರಡು ದಿನ ಇರ್ರಿ ಅನ್ನಬೇಕು. ಜಗಳೂರಿನ ಅವರ ಮನೆಗೆ ಗೃಹಪ್ರವೇಶಕ್ಕೆ ಹೋದಾಗ ಅವನ ತಾಯಿ ನನ್ನ ಬ್ಯಾಗನ್ನು ಅಟ್ಟಕ್ಕೆ ಏರಿಸಿ ಎರಡು ಬಸ್ಸು ತಪ್ಪಿಸಿದ್ದರು. ಆ ಮನೆಯ ಮಗ ಇನ್ನು ಹೇಗೆ ಬರೆದಾನು!

ಅಂಗಡಿಯವರು ಅಲ್ಲಿಂದಲೇ ಅವನಿಗೆ ಫೋನ್ ಹಚ್ಚಿಸಿ ಸ್ಪೀಕರ್ ಹಾಕಿದರು. "ಸರ್, ಅಕ್ಕಾರು ಇಂಥ ದಿನ ಬರ್ತಾರೆ, ಇಂಥ ದಿನ ಹೊರಡ್ತಾರೆ ಅಂತ ಸೀದಾ ಬರೀರಿ."

"ಬಾಣಂತನಕ್ಕೆ ಬರೋ ಅಕ್ಕಂಗೆ ಹೊರಡೋ ದಿನ ನಾನು ಹೇಳಾದಾ? ನಮ್ಮವ್ವಂಗೆ ಗೊತ್ತಾದ್ರೆ ಜಗಳೂರಿಂದ ಪೊರಕೆ ಹಿಡ್ಕಂಡು ಬರ್ತಾಳ್ರೀ!"

"ಬರಾಕೆ ಅವಳಿಗೂ ವೀಸಾ ಬೇಕಲ್ಲಪ್ಪ" ಅಂದರು ಅತ್ತೆ.

"ನೀನು ಹೇಳಬ್ಯಾಡ ತಮ್ಮಾ. ದಿನ ನಾನು ಹೇಳ್ತೀನಿ, ನೀನು ಬರಿ" ಅಂದೆ.

"ಹೇಳ್ರಿ ಅಕ್ಕಾರೆ, ವಾಪಸ್ ಯಾವತ್ತು?" ಅಂಗಡಿಯವರು ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾದರು.

ಅಲ್ಲಿ ನಾನು ಸಿಕ್ಕಿಕೊಂಡೆ. ತಂಗಿ ಅತ್ತಾಗ ಐದು ತಿಂಗಳೂ ಇದ್ದು ಬಾಣಂತನ ಮುಗಿಸಿಯೇ ಬರ್ತೀನಿ ಅಂದಿದ್ದೆ. ಅತ್ತೆಗೆ ದೀಪಾವಳಿಯೊಳಗೆ ಬರ್ತೀನಿ ಅಂದಿದ್ದೆ. ವೀಸಾ ಕೊಟ್ಟರೆ ಮೂರು ತಿಂಗಳು, ಅದರಾಚೆಗಿಲ್ಲ. ಹೋದ ಮೇಲೆ ಏನೋ ಒಂದು ಆಗುತ್ತೆ ಬಿಡು ಎಂದು ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದೆ. ನನ್ನನ್ನು ನಂಬದ ಆ ವೀಸಾ ಅಧಿಕಾರಿಯನ್ನು ವಾರವೆಲ್ಲ ಬೈದುಕೊಂಡು ಓಡಾಡಿದವಳು ಈಗ ಅಂಗಡಿಯ ಗೋಡೆಯ ಕ್ಯಾಲೆಂಡರ್ ತಿರುವತೊಡಗಿದೆ.

"ನಿಜ ಹೇಳು, ಯಾವಾಗ ಬರ್ತೀಯ?" ಅತ್ತೆ ಕೇಳಿದರು. ಈ ಸಲ ತಮಾಷೆ ಇರಲಿಲ್ಲ.

"ಮೂರು ತಿಂಗಳು ಮುಗಿಯೋದ್ರೊಳಗೆ, ಅತ್ತೆ. ದೀಪಾವಳಿ ಆಗಿರುತ್ತೆ."

ಫೋನಿನಲ್ಲಿ ಗಂಡನ ಪಕ್ಕದಿಂದ ತಂಗಿಯ ದನಿ ಬಂತು. "ಅಕ್ಕಾ, ಐದು ಅಂದಿದ್ಯಲ್ಲ."

"ಅಂದಿದ್ದೆ ಕಣೆ. ಆಗಲ್ಲ. ಅವರು ಬಿಡೋದೂ ಮೂರೇ ತಿಂಗಳು. ಬಿಟ್ರೂ ನನಗೆ ಇರಾಕೆ ಆಗಲ್ಲ. ಇಲ್ಲಿ ಮನೆ ಐತೆ, ಅತ್ತೆ ಮಂಡಿ ಐತೆ, ಮದುವೆ ಬ್ಲೌಸು ಒಪ್ಪಿಕೊಂಡಿದೀನಿ."

ಅತ್ತ ಕಡೆ ಲೋಟದಲ್ಲಿ ಚಮಚ ತಿರುಗುವ ಸದ್ದು ಕೇಳಿತು.

"ನನಗೆ ಕೂಸಿಗೆ ನೀರು ಹಾಕಾಕೆ ಬರಲ್ಲ ಅಕ್ಕಾ."

"ದಿನಾ ಎಂಬತ್ತರ ಮುದುಕರಿಗೆ ಸ್ನಾನ ಮಾಡಿಸ್ತೀಯಲ್ಲೇ?"

"ಅವರು ಕೈಯಿಂದ ಜಾರಲ್ಲ."

"ನಿನ್ ಗಂಡಂಗೆ ಕಲಿಸ್ತೀನಿ. ನಾನು ಹೊರಡೋದ್ರೊಳಗೆ ಕಾಲು ಚಾಚಿ ಕೂತು, ಕೂಸನ್ನ ಕಾಲ ಮೇಲೆ ಹಾಕ್ಕಂಡು, ಒಬ್ಬನೇ ನೀರು ಹಾಕಬೇಕು ಅವನು."

"ನಾನಾ?" ಅಂದ ಅವನು.

"ಮತ್ತೆ, ನಾನಾ?" ಅಂದರು ಅತ್ತೆ.

ತಂಗಿ ನಕ್ಕಳು. ಮೂಗು ಸೀಟಿದ ಸದ್ದೂ ಕೇಳಿತು. "ಆಯ್ತು, ದಿನ ಬರೆಸ್ತೀನಿ ಬಿಡು. ನೀನು ಹೊರಡೋ ದಿನ ನಾನು ಅಳ್ತೀನಿ, ಅದನ್ನ ಮಾತ್ರ ಬರೆಸಲ್ಲ."

ಫೋನ್ ಇಟ್ಟ ಮೇಲೆ ನನ್ನ ಕಡೆಯ ಪತ್ರ. ವಾಪಸ್ ಯಾಕೆ ಬರುತ್ತೇನೆ ಎಂದು ನಾನೇ ಬರೆಯಬೇಕಂತೆ.

"ನೌಕರಿ ಐತಾ ಅಕ್ಕಾರೆ?"

"ಬ್ಲೌಸ್ ಹೊಲಿತೀನಿ."

"ಅದಕ್ಕೆ ರಜಾ ಕೊಟ್ಟಿದೀವಿ ಅಂತ ಪತ್ರ ಕೊಡೋರು ಯಾರು?"

"ನಾನು ಕೊಡ್ತೀನಿ" ಅಂದರು ಅತ್ತೆ. "ಸೊಸೆ ಬರದಿದ್ರೆ ನಾನೇ ಹೋಗಿ ಎಳ್ಕಂಡು ಬರ್ತೀನಿ ಅಂತ ಬರ್ಕಳಪ್ಪ."

"ಅಮ್ಮಾ, ಹಂಗೆ ಬರೆದ್ರೆ ಇಬ್ಬರಿಗೂ ಕೊಡಲ್ಲ."

ಯಜಮಾನರ ಆಫೀಸಿನ ಪತ್ರ, ಮನೆ ಕಂದಾಯದ ರಸೀದಿ, ಅತ್ತೆಯ ಮಂಡಿಯ ಡಾಕ್ಟರ ಚೀಟಿ ಎಲ್ಲ ಜೋಡಿಸಿದೆವು. ಹೊಲಿಗೆಯ ವಿಚಾರವನ್ನೂ ಬರೆಯಲೇಬೇಕೆಂದು ನಾನು ಹಟ ಹಿಡಿದೆ. ಅವರು ಒಂದು ಸಾಲು ಸೇರಿಸಿದರು. ಸಂಜೆ ಹೊತ್ತಿಗೆ ಹೊಸ ಕರೆಯೋಲೆ ವಾಟ್ಸಾಪಿಗೆ ಬಂತು. ಬರುವ ದಿನ, ಹೊರಡುವ ದಿನ, ಎರಡೂ ಇದ್ದವು. ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ: ಹೊರಡುವ ದಿನವನ್ನು ಅಕ್ಕನವರೇ ತಿಳಿಸಿದ್ದು, ನಾವು ಹೇಳಿದ್ದಲ್ಲ. ಅಂಗಡಿಯವರು ಅದನ್ನು ತೆಗೆಸಲು ಹೋಗಲಿಲ್ಲ.

ಆ ಅರ್ಜಿಗೆ ವೀಸಾ ಸಿಕ್ಕಿತು, ಹೆರಿಗೆಗೆ ಮುಂಚೆಯೇ ಹೋಗಿ ಮುಟ್ಟಿದೆ, ಹೇಳಿದ ದಿನಕ್ಕೆ ಹೊರಟೆ. ಅವಳು ಅತ್ತಳು, ನಾನೂ ಅತ್ತುಬಿಟ್ಟೆ. ಕೂಸು ಮಾತ್ರ ಅಪ್ಪನ ಕಾಲ ಮೇಲೆ ನೀರು ಹಾಕಿಸಿಕೊಂಡು ನಿದ್ದೆ ಹೋಗಿತ್ತು.

ಅಂಗಡಿಯಿಂದ ಬಂದ ಆ ರಾತ್ರಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿಂದಿದ್ದರಿಂದ ಅತ್ತೆಗೆ ಅರ್ಧ ರೊಟ್ಟಿ ಸಾಕಾಯಿತು. ಯಜಮಾನರು ಮೂರು ತಿಂದು, ಇನ್ನು ಮೂರು ತಿಂಗಳು ಇದನ್ನು ಯಾರು ಬಡಿಯುತ್ತಾರೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಟಿವಿ ಮುಂದೆ ಕೂತರು. ಮಲಗಿದ ಅತ್ತೆ ನನ್ನನ್ನು ಕೂಗಿ, "ಬಾಣಂತಿ ತಲಿಗೆ ಸಾಂಬ್ರಾಣಿ ಹೊಗೆ ಹಾಕಾಕೆ ಬಿಡ್ತಾರಾ ಅಲ್ಲಿ?" ಎಂದರು. ಹೊಗೆಯಾದರೆ ಗಂಟೆ ಹೊಡೆದುಕೊಳ್ಳುವ ಯಂತ್ರ ಸೂರಿನಲ್ಲೇ ಇರುತ್ತಂತೆ ಎಂದು ನಾನು ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು.