ಪೆನ್ಸಿಲ್ಲಿನ ಇಂಟು ಮಾರ್ಕು

ನನಗೊಂದು ಕೆಟ್ಟ ಚಾಳಿಯಿದೆ. ಯಾರು ಸಂತೋಷದ ಸುದ್ದಿ ಹೇಳಿದರೂ ಮೊದಲು ಅದರ ಕಂತು ಎಷ್ಟು, ಅವಧಿ ಎಷ್ಟು, ಕೊನೆಗೆ ಕೈಗೆ ಬರುವುದೆಷ್ಟು ಎಂದು ಯೋಚಿಸುತ್ತೇನೆ. ಇಂದಿರಾನಗರದ ವಿಮಾ ಕಚೇರಿಯೊಂದರಲ್ಲಿ ಇಪ್ಪತ್ತೇಳು ವರ್ಷ ಕೂತವನು ಇನ್ನು ಹೇಗೆ ತಾನೇ ಯೋಚಿಸಿಯಾನು? ಹೆಣ್ಣು ನೋಡಲು ಹೋದ ದಿನವೂ ಅರ್ಜಿ ಪರಿಶೀಲಿಸುವ ಮುಖ ಮಾಡಿಕೊಂಡು ಕೂತಿದ್ದೆನಂತೆ. ಹೆಂಡತಿ ಸರಳಾ ಈಗಲೂ ಆಡಿಕೊಳ್ಳುತ್ತಾಳೆ.

ಹೀಗಾಗಿ ಮಗಳು ಅನನ್ಯಾ ಡಿಸೈನ್ ಕಾಲೇಜಿನ ಪ್ರವೇಶ ಪರೀಕ್ಷೆ ಪಾಸಾಗಿ ಕಗ್ಗದಾಸಪುರದ ನಮ್ಮ ಪುಟ್ಟ ಹಾಲಿನಲ್ಲಿ ಕುಣಿಯುತ್ತಿದ್ದರೆ, ನಾನು ಕ್ಯಾಲ್ಕುಲೇಟರ್ ಹುಡುಕುತ್ತಿದ್ದೆ. ನಾಲ್ಕು ವರ್ಷದ ಫೀಸು ಎಷ್ಟೆಂದು ಇಲ್ಲಿ ಬರೆಯುವುದಿಲ್ಲ; ಓದುವ ನಿಮಗೂ ಬಿ.ಪಿ. ಏರುವುದು ಬೇಡ. ಅವಳ ಹೆಸರಿಗೆಂದು ಇಷ್ಟು ವರ್ಷ ಕೂಡಿಟ್ಟದ್ದೆಲ್ಲ ಅದಕ್ಕೇ ಸರಿಹೋಗುತ್ತಿತ್ತು. ಸೀಟು ಹಿಡಿಯಲು ಹತ್ತು ದಿನದ ಗಡುವು. ತಪ್ಪಿದರೆ ಇರಲಿ ಎಂದು ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ.ಗೂ ಅರ್ಜಿ ಹಾಕಿಸಿಟ್ಟಿದ್ದೆ.

"ಓದಿದ್ಮೇಲೆ ಕೆಲಸ ಗ್ಯಾರಂಟಿನಾ?" ಎಂದೆ.

"ಗ್ಯಾರಂಟಿ ಕೊಡಕ್ಕೆ ನಾನೇನು ನಿಮ್ಮ ಆಫೀಸಿನ ಪಾಲಿಸಿನಾ ಅಪ್ಪಾ?" ಎಂದಳು.

ವಿಚಾರಿಸೋಣವೆಂದು ಶಿವಾಜಿನಗರಕ್ಕೆ ಹೋದೆ. ಅಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಗೌಸ್ ಭಾಯ್ ನನ್ನ ಹಳೆಯ ಪಾಲಿಸಿದಾರರು. "ಡಿಸೈನ್‌ಗೆ ಡಿಗ್ರಿ ಯಾಕೆ ಸಾರ್? ಮೂವತ್ತು ವರ್ಷದಿಂದ ನಾನು ಮಾಡ್ತಾ ಇಲ್ವಾ?" ಎಂದರು. ನನಗೆ ಇದೇ ಬೇಕಿತ್ತು. ಆದರೆ ಚಹಾ ಮುಗಿಯುವ ಹೊತ್ತಿಗೆ ಅವರೇ ದನಿ ತಗ್ಗಿಸಿ, "ನನ್ನ ಮಗಳೂ ಅದನ್ನೇ ಓದ್ತಾ ಇದಾಳೆ ಸಾರ್. ಅಬ್ಬಾಜಾನ್, ನಿಮ್ಮ ಕಾರ್ಡಲ್ಲಿ ಹೂ ಜಾಸ್ತಿ, ಗಂಡಿನ ಹೆಸರೇ ಕಾಣಲ್ಲ ಅಂತಾಳೆ. ನೋಡಿದ್ರೆ, ಕಾಣಲ್ಲ" ಎಂದುಬಿಟ್ಟರು.

ಮನೆಗೆ ಬಂದು ಅಡುಗೆಮನೆಯ ಬಿಂದಿಗೆಯನ್ನು ಮೊದಲ ಸಲ ನೋಡುವವನಂತೆ ನೋಡಿದೆ. ಸಣ್ಣ ಕುತ್ತಿಗೆ, ದುಂಡು ಹೊಟ್ಟೆ. ಸೊಂಟದ ಮೇಲೆ ಕೂರುತ್ತದೆ, ತೋಳಿಗೆ ಸಿಗುತ್ತದೆ, ನಡೆದರೆ ಚೆಲ್ಲುವುದಿಲ್ಲ. ಇದೂ ಡಿಸೈನೇ ತಾನೇ. ಇದನ್ನು ಮೊದಲು ಮಾಡಿದ ಪುಣ್ಯಾತ್ಮನ ಅಪ್ಪನೂ ಹೀಗೇ ಲೆಕ್ಕ ಹಾಕುತ್ತ ಕೂತಿದ್ದರೆ ನಾವು ಇಂದಿಗೂ ಬೊಗಸೆಯಲ್ಲಿ ನೀರು ತರುತ್ತಿದ್ದೆವೋ ಏನೋ. ಯೋಚನೆ ಚೆನ್ನಾಗಿಯೇ ಇತ್ತು. ಆದರೂ ಕೋಷ್ಟಕ ಬರೆದಾಗ ಬಿ.ಕಾಂ. ಗೆದ್ದಿತು. ಡಿಸೈನಿನ ಎದುರು 'ಕೊನೆಗೆ ಬರುವ ಮೊತ್ತ' ಎಂಬ ಕಾಲಂ ಖಾಲಿ ಉಳಿಯಿತು.

ಗಡುವಿಗೆ ಎರಡು ದಿನ ಇದ್ದಾಗ ಅನನ್ಯಾ ಡಿಸೈನ್ ಕಾಲೇಜಿನ ಅರ್ಜಿ ಹಿಡಿದು ನನ್ನ ಸಹಿಗಾಗಿ ಕಚೇರಿಗೇ ಬಂದಳು. ಆಗ ನನ್ನ ಮೇಜಿನ ಮುಂದೆ ಮಲ್ಲಮ್ಮ ಎಂಬವರು ಕೂತಿದ್ದರು. ಯಾದಗಿರಿ ಕಡೆಯವರು, ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ, ಕಟ್ಟಡದ ಕೆಲಸ. ತೀರಿಹೋದ ಗಂಡನ ಪಾಲಿಸಿ ಹಣಕ್ಕಾಗಿ ಇದು ಮೂರನೆಯ ಸಲ ಬಂದದ್ದು. ಫಾರಂ ಮನೆಗೆ ಒಯ್ದು, ಎರಡು ಸಲವೂ ಸಾಕ್ಷಿಯ ಜಾಗದಲ್ಲಿ ತಾವೇ ಸಹಿ ಮಾಡಿ ತಂದಿದ್ದರು.

"ಕೂಲಿ ಬಿಟ್ಟು ಬಂದೀನ್ರೀ ಸರ. ಓದ್ಲಿಕ್ಕ ಬರ್ತದ, ಸಹಿ ಮಾಡ್ಲಿಕ್ಕ ಬರ್ತದ. ಎಲ್ಲಿ ಮಾಡ್ಬೇಕಂತ ಈ ಹಾಳಿ ಹೇಳವಲ್ದು" ಎಂದರು.

ನಾನು ಹೊಸ ಫಾರಂ ತೆಗೆದು ಸಹಿಯ ಜಾಗದಲ್ಲಿ ಪೆನ್ಸಿಲ್ಲಿನಿಂದ ಇಂಟು ಮಾರ್ಕು ಹಾಕಿದೆ. ಎದುರಿಗೆ ಕೂತು ಸಹಿ ಮಾಡುವವರಿಗೆ ನಮ್ಮಲ್ಲಿ ಇದೇ ಪದ್ಧತಿ. ಸಹಿ ಬಿದ್ದ ಮೇಲೆ ರಬ್ಬರಿನಿಂದ ಅಳಿಸುತ್ತೇವೆ. ಕಾಗದದ ಮೇಲೆ ಗುರುತೇ ಉಳಿಯದಂತೆ ಅಳಿಸುವುದರಲ್ಲಿ ನನ್ನಷ್ಟು ನುರಿತವನು ಇಡೀ ಕಚೇರಿಯಲ್ಲಿ ಇನ್ನೊಬ್ಬನಿಲ್ಲ ಎಂಬ ಜಂಬವೂ ನನಗಿತ್ತು.

"ಇಪ್ಪತ್ತೇಳು ವರ್ಷದಿಂದ ಎಲ್ಲರಿಗೂ ಹೀಗೇ ಇಂಟು ಹಾಕ್ತಿದ್ದೀಯಾ?" ಎಂದಳು ಅನನ್ಯಾ. "ಹಾಗಾದ್ರೆ ತಪ್ಪು ಅವರದ್ದಲ್ಲ ಅಪ್ಪಾ, ಫಾರಂದು."

ಒಂದು ರದ್ದಿ ಹಾಳೆಯ ಹಿಂದೆ ಅದೇ ಫಾರಂ ಬರೆದಳು. ಮೇಲೆ ದೊಡ್ಡ ಚೌಕ, ಅದರೊಳಗೆ 'ನಿಮ್ಮ ಸಹಿ'. ಸಾಕ್ಷಿಗೆ ಕೆಳಗೆ, ದೂರದಲ್ಲಿ, ಬೇರೆಯೇ ಮನೆ. ಐದು ನಿಮಿಷವೂ ಹಿಡಿಯಲಿಲ್ಲ. "ನೋಡಿ ಅಮ್ಮಾ, ಇದ್ರಲ್ಲಿ ಎಲ್ಲಿ ಸೈನ್ ಮಾಡ್ತೀರಾ?" ಎಂದು ಮಲ್ಲಮ್ಮನ ಮುಂದೆ ಇಟ್ಟಳು.

ಮಲ್ಲಮ್ಮ ನೇರವಾಗಿ ಚೌಕದ ಮೇಲೆ ಬೆರಳಿಟ್ಟರು. "ಇಲ್ಲೇ ಅಲ್ಲೇನವ್ವಾ? ಇದನ್ನ ಮೊದಲೇ ಯಾಕ ಕೊಡಲಿಲ್ಲರೀ ಸರ?"

ನನಗೆ ಮೈ ಜುಮ್ಮೆಂದಿತು. ಉತ್ಪ್ರೇಕ್ಷೆಯಲ್ಲ, ನಿಜವಾಗಿಯೂ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಎಷ್ಟು ಜನರ ಎಷ್ಟು ದಿನದ ಕೂಲಿ ಈ ಮೇಜಿನ ಮುಂದೆ ಹಾಳಾಗಿತ್ತೋ, ನಾನು ಮಾತ್ರ ರಬ್ಬರು ಉಜ್ಜುತ್ತ ಹೆಮ್ಮೆಪಟ್ಟುಕೊಂಡಿದ್ದೆ. ಮಲ್ಲಮ್ಮನಿಂದ ಸರಿಯಾದ ಜಾಗದಲ್ಲಿ ಸಹಿ ಹಾಕಿಸಿ, ಫಾರಂ ಒಳಗೆ ಕಳಿಸಿ, "ಎಲ್ಲಿ ನಿನ್ನ ಅರ್ಜಿ? ಕೊಡಿಲ್ಲಿ" ಎಂದು ಮಗಳ ಕೈಯಿಂದ ಕಿತ್ತುಕೊಂಡು, ಉತ್ಸಾಹದಲ್ಲಿ ಉದ್ದಕ್ಕೂ ಸಹಿ ಎಳೆದೆ.

ಅನನ್ಯಾ ಹಾಳೆ ನೋಡಿದಳು, ನನ್ನನ್ನು ನೋಡಿದಳು. ನಾನು ಸಹಿ ಮಾಡಿದ್ದು ವಿದ್ಯಾರ್ಥಿಯ ಜಾಗದಲ್ಲಿ.

ಮೊದಲು ನಕ್ಕವರು ಮಲ್ಲಮ್ಮ. "ನಿಮಗೂ ಒಂದು ಇಂಟು ಹಾಕ್ಬೇಕಿತ್ತೇನ್ರೀ ಸರ."

ಅನನ್ಯಾ ಬ್ಯಾಗಿನಿಂದ ಇನ್ನೊಂದು ಪ್ರತಿ ತೆಗೆದಳು. ಪೋಷಕರ ಸಹಿಯ ಜಾಗದಲ್ಲಿ ಪೆನ್ಸಿಲ್ಲಿನ ಇಂಟು ಮಾರ್ಕು ಆಗಲೇ ಬಿದ್ದಿತ್ತು. ಮನೆಯಲ್ಲೇ ಹಾಕಿಕೊಂಡು ಬಂದಿದ್ದಳು.

ಸಹಿ ಮಾಡಿ, ಅಭ್ಯಾಸಬಲದಿಂದ ರಬ್ಬರು ತೆಗೆದೆ. ಅವಳು ಕೈ ಹಿಡಿದಳು. "ಇರ್ಲಿ ಬಿಡಪ್ಪಾ. ಅವರ ಫಾರಂ ಹೇಗಿದೆ ಅಂತ ಕಾಲೇಜಿನೋರಿಗೂ ಗೊತ್ತಾಗ್ಲಿ."

ನನ್ನ ಕೋಷ್ಟಕದ ಆ ಕಾಲಂ ಈಗಲೂ ಖಾಲಿಯೇ ಇದೆ. ಕೊನೆಗೆ ಏನು ಬರುತ್ತದೋ ತಿಳಿಯದೆ ನಾನು ಜೀವನದಲ್ಲಿ ಸಹಿ ಹಾಕಿದ ಕಾಗದ ಇದೊಂದೇ, ಮತ್ತು ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾನೇ ಸೀಟು ಗಿಟ್ಟಿಸಿಕೊಂಡವನಂತೆ ಬೀಗುತ್ತಿದ್ದೆ.